ಹಳೆ ಟರ್ಬೋ ಪಿಕಪ್‌ಗೆ ಬೂಸ್ಟ್ ಮೀಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಒಂದು ಸಣ್ಣ ಮುಳ್ಳಿನ ಮೀಟರ್ ಬಗ್ಗೆ ಬರೆಯುತ್ತಿದ್ದೇನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನಿನಂಥ ಸಾಧನವೇ ಟರ್ಬೋ, ಅದು ಎಷ್ಟು ಒತ್ತಡದಲ್ಲಿ ತುಂಬುತ್ತಿದೆ ಅಂತ ಈ ಮೀಟರ್ ತೋರಿಸುತ್ತದೆ. ಅಂಗಡಿಯಲ್ಲಿ ಬೂಸ್ಟ್ ಮೀಟರ್ ಅಂತ ಕೇಳಿದರೆ ಕೊಡುತ್ತಾರೆ. ನನ್ನದು 52 ಮಿಲಿಮೀಟರ್ ಸೈಜಿನದು, 2 ಬಾರ್‌ವರೆಗೆ (ಬಾರ್ ಅಂದರೆ ಒತ್ತಡದ ಅಳತೆ) ಗುರುತು ಇದೆ. ಕರೆಂಟ್ ಬೇಕಿರುವುದು ಒಳಗಿನ ದೀಪಕ್ಕೆ ಮಾತ್ರ, ಮುಳ್ಳು ನಡೆಯುವುದು ಗಾಳಿಯ ಒತ್ತಡದಿಂದಲೇ. ಎರಡು ಸಾವಿರ ರೂಪಾಯಿ ಒಳಗೆ ಸಿಕ್ಕಿತು. ಹಳೆ ಡೀಸೆಲ್ ಪಿಕಪ್ ಇಟ್ಟುಕೊಂಡು ಹೊಟ್ಟೆಪಾಡು ನಡೆಸುವವರು ಬೇರೆ ಯಾವ ಖರ್ಚಿಗಿಂತ ಮೊದಲು ಇದನ್ನು ಹಾಕಿಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಗಾಡಿ 2008ರ ಮಾಡೆಲ್. ಎರಡೂವರೆ ಲೀಟರಿನ ಎಂಜಿನ್, ಟರ್ಬೋ, ಟರ್ಬೋದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್, ಹಳೆ ಮೆಕ್ಯಾನಿಕಲ್ ಡೀಸೆಲ್ ಪಂಪ್. ಕಂಪ್ಯೂಟರ್ ಇಲ್ಲ. ಹಾಗಾಗಿ ಸ್ಕ್ಯಾನರ್ ಹಚ್ಚಿ ದೋಷ ಓದುವ ದಾರಿಯೂ ಇಲ್ಲ. ಸುಗ್ಗಿಯಲ್ಲಿ ಹಳ್ಳಿಗಳಿಂದ ಕಲಬುರಗಿಯ ನೆಹರು ಗಂಜ್‌ಗೆ ತೊಗರಿ ಚೀಲ, ಉಳಿದ ದಿನ ಸಿಮೆಂಟ್, ಶಹಾಬಾದ್ ಕಲ್ಲು, ಸಿಕ್ಕಿದ್ದೆಲ್ಲ ಹೇರುತ್ತೇನೆ.

ಎಳೆತ ಒಂದೇ ದಿನಕ್ಕೆ ಹೋಗಲಿಲ್ಲ, ನಿಧಾನವಾಗಿ ಕರಗಿತು. ಗಾಡಿ ಖಾಲಿ ಇದ್ದಾಗ ಏನೂ ಗೊತ್ತಾಗುತ್ತಿರಲಿಲ್ಲ. ಚೀಲ ಹೇರಿ ಚಿಂಚೋಳಿ ಕಡೆಯ ಏರು ಹತ್ತುವಾಗ, ಮೊದಲು ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಜಾಗದಲ್ಲಿ ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಹಿಂದೆ ಸ್ವಲ್ಪ ಕರಿ ಹೊಗೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದರೂ ಹಾಗೇ ಇತ್ತು. ಒಬ್ಬರು ಪಂಪ್ ಬಿಚ್ಚಬೇಕು ಅಂದರು. ಇನ್ನೊಬ್ಬರು ಡೀಸೆಲ್ ಚಿಮ್ಮಿಸುವ ನಾಝಲ್ ಹೋಗಿದೆ ಅಂದರು. ಮತ್ತೊಬ್ಬರು ಟರ್ಬೋನೇ ಬದಲಿಸಿ ಅಂದರು. ಮೂರೂ ದೊಡ್ಡ ಖರ್ಚಿನ ಮಾತು. ಅಳತೆ ಮಾಡಿ ಹೇಳಿದವರು ಒಬ್ಬರೂ ಇಲ್ಲ.

ಹುಮ್ನಾಬಾದ್ ರಸ್ತೆಯ ಒಬ್ಬ ಹಳೇ ಮಿಸ್ತ್ರಿ, ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ, ಬಾನೆಟ್ ಎತ್ತಿ ನೋಡಿ ಒಂದೇ ಮಾತು ಅಂದರು: "ಪಂಪಿಗೆ ಕೈ ಹಚ್ಚಬ್ಯಾಡ್ರಿ. ಮೊದಲ ಹವಾ ಎಷ್ಟ ಬರ್ಲಕತ್ತದ ನೋಡ್ರಿ." ತಮ್ಮ ಹತ್ತಿರ ಇದ್ದ ಮೀಟರಿಗೆ ಉದ್ದ ಪೈಪು ಹಾಕಿ, ಎಂಜಿನ್ ಒಳಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿ, ಕಿಟಕಿಯಿಂದ ಒಳಗೆ ತಂದು ನನ್ನ ಕೈಗೆ ಕೊಟ್ಟರು. ಲೋಡ್ ಇರುವಾಗಲೇ ಏರು ಹತ್ತಿಸಿ ಬನ್ನಿ ಅಂದರು. ಪೂರ್ತಿ ಎಕ್ಸಲೇಟರ್ ಒತ್ತಿದರೂ ಮುಳ್ಳು 0.3 ಬಾರ್ ದಾಟಲಿಲ್ಲ. ನನ್ನ ಎಂಜಿನ್ ಸರಿ ಇದ್ದಾಗ 0.8ರ ಹತ್ತಿರ ಬರಬೇಕು.

ಲೋಡ್ ಇರುವಾಗ ಅಂದದ್ದು ಸುಮ್ನೆ ಅಲ್ಲ. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟು ನೋಡಿದರೆ ಈ ಮೀಟರ್ ಏನೂ ಹೇಳುವುದಿಲ್ಲ. ಟರ್ಬೋ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿಯ ಬಲದಿಂದ. ಎಂಜಿನ್ ಭಾರ ಎಳೆದು ಜಾಸ್ತಿ ಡೀಸೆಲ್ ಸುಟ್ಟಾಗ ಮಾತ್ರ ಆ ಬಲ ಬರುತ್ತದೆ. ನಿಂತ ಗಾಡಿಯಲ್ಲಿ ಎಷ್ಟು ರೇಸ್ ಕೊಟ್ಟರೂ ಮುಳ್ಳು ಅಲ್ಪಸ್ವಲ್ಪ ಆಡಿ ಸುಮ್ಮನಾಗುತ್ತದೆ. ಅದನ್ನೇ ನೋಡಿ ಟರ್ಬೋ ಸತ್ತಿದೆ ಅಂತ ಹೇಳಿಬಿಡುವವರಿದ್ದಾರೆ. ಅದರ ಮೇಲೆ ದುಡ್ಡು ಹಾಕಬೇಡಿ.

ಒತ್ತಡ ಕಡಿಮೆ ಅಂತ ಗೊತ್ತಾದ ಮೇಲೆ ಚಾಚಾ ಟರ್ಬೋ ಬಾಯಿಗೆ ಮುಚ್ಚಳ ಹಾಕಿ, ಕಂಪ್ರೆಸರ್‌ನಿಂದ ಅರ್ಧ ಬಾರ್‌ನಷ್ಟು ಗಾಳಿ ಬಿಟ್ಟು, ಜೋಡಣೆ ಇರುವಲ್ಲೆಲ್ಲ ಸಾಬೂನು ನೀರು ಹಚ್ಚಿದರು. ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸ್‌ನ ಕೆಳಮೈಯಲ್ಲಿ ಬುರುಗು ಎದ್ದಿತು. ಒಂದು ಬ್ರಾಕೆಟ್‌ಗೆ ತಾಗಿ ತಾಗಿ ಅದು ಸೀಳಿತ್ತು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಣ್ಣೆಯ ಮಂಜು ಹೊರಬಂದು ಅದಕ್ಕೆ ಧೂಳು ಅಂಟಿ ಕಪ್ಪು ಕಲೆ ಆಗಿತ್ತು. ಹೋಸ್ ಬದಲಿಸಿದರು, ಗಟ್ಟಿ ಕ್ಲಾಂಪ್ ಹಾಕಿದರು. ಮರುದಿನ ಅದೇ ಏರಿನಲ್ಲಿ 0.8. ಪಂಪ್, ನಾಝಲ್, ಟರ್ಬೋ ಮೂರೂ ಇವತ್ತಿಗೂ ಹಳೆಯವೇ. ಆಮೇಲೆ ಖಾಯಂ ಆಗಿ ಒಂದು ಮೀಟರ್ ಹಾಕಿಸಿಕೊಂಡೆ.

ಇಷ್ಟು ದಿನ ಬಳಸಿ ಕಂಡುಕೊಂಡದ್ದು: ಮುಳ್ಳನ್ನು ಒಂಟಿಯಾಗಿ ಓದಬಾರದು, ಹೊಗೆಯ ಜೊತೆ ಸೇರಿಸಿ ಓದಬೇಕು. ಒತ್ತಡ ಕಡಿಮೆ, ಕರಿ ಹೊಗೆ ಇದೆ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಫಿಲ್ಟರ್, ಹೋಸ್, ಕ್ಲಾಂಪ್, ವೇಸ್ಟ್‌ಗೇಟ್ (ಟರ್ಬೋ ಒತ್ತಡ ಮಿತಿ ಮೀರದಂತೆ ತಡೆಯುವ ಬಾಗಿಲು) ನೋಡಿ. ಒತ್ತಡ ಕಡಿಮೆ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಸಾಲುತ್ತಿಲ್ಲ. ಎಂಜಿನ್‌ಗೆ ಉಪವಾಸ, ಸುಡಲು ಇಂಧನ ಇಲ್ಲ, ಹಾಗಾಗಿ ಟರ್ಬೋಗೂ ಬಲ ಇಲ್ಲ. ಟ್ಯಾಂಕ್ ಜಾಲರಿ, ಫಿಲ್ಟರಿನಲ್ಲಿ ನೀರು, ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುವುದು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್, ಎಕ್ಸಲೇಟರ್ ಕೇಬಲ್ ಪೂರ್ತಿ ಎಳೆಯದಿರುವುದು, ಇವೆಲ್ಲ ಇಲ್ಲಿ ಬರುತ್ತವೆ. ಪಂಪಿಗೆ ಪಾರದರ್ಶಕ ಪೈಪು ಹಾಕಿ ಬೇರೆ ಡಬ್ಬಿಯಿಂದ ಡೀಸೆಲ್ ಕೊಟ್ಟು ನೋಡಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಗುಳ್ಳೆ ಬರುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಒತ್ತಡ ಸರಿ ಇದ್ದೂ ಗಾಡಿ ಎಳೆಯದಿದ್ದರೆ ಎಂಜಿನ್ ಬಿಟ್ಟು ಕ್ಲಚ್ ನೋಡಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಅದು ಕ್ಲಚ್ ಜಾರುವುದೇ.

ಎರಡನೇ ಸಾರಿ ಎಳೆತ ಹೋದಾಗ ಮೀಟರ್ ಇದ್ದದ್ದಕ್ಕೆ ಬಚಾವಾದೆ. ಈ ಸಲ ಮುಳ್ಳು 0.5ರಲ್ಲಿ ನಿಂತಿತ್ತು, ಹೊಗೆ ಒಂಚೂರೂ ಇಲ್ಲ. ಡೀಸೆಲ್ ಲೈನೆಲ್ಲ ನೋಡಿದರೂ ಸರಿ ಇತ್ತು. ನನ್ನ ಗಾಡಿಯಂಥ ಪಂಪ್‌ಗಳ ತಲೆಯ ಮೇಲೆ ಒಂದು ಸಣ್ಣ ಡಬ್ಬಿ ಇರುತ್ತದೆ, ಒಳಗೆ ಡಯಾಫ್ರಮ್. ಮ್ಯಾನಿಫೋಲ್ಡಿನಿಂದ ಒಂದು ತೆಳು ರಬ್ಬರ್ ಪೈಪು ಅದಕ್ಕೆ ಬರುತ್ತದೆ. ಟರ್ಬೋ ಒತ್ತಡ ಬಂದಾಗ ಡಯಾಫ್ರಮ್ ಒತ್ತಿಕೊಂಡು ಪಂಪ್ ಜಾಸ್ತಿ ಡೀಸೆಲ್ ಬಿಡುತ್ತದೆ. ಆ ಪೈಪು ಬಿಸಿಲಿಗೂ ಎಂಜಿನ್ ಕಾವಿಗೂ ಒಣಗಿ ತುದಿಯಲ್ಲಿ ಬಿರುಕು ಬಿಟ್ಟಿತ್ತು. ಗಾಳಿ ಬಂದದ್ದು ಪಂಪಿಗೆ ಗೊತ್ತೇ ಆಗುತ್ತಿರಲಿಲ್ಲ, ಹಾಗಾಗಿ ಟರ್ಬೋ ಇಲ್ಲದ ಎಂಜಿನ್‌ನಂತೆ ಡೀಸೆಲ್ ಕೊಡುತ್ತಿತ್ತು. ಗೇಣುದ್ದದ ಪೈಪು ಬದಲಿಸಿದೆವು, ಮುಗಿಯಿತು. ಮೀಟರ್ ಇಲ್ಲದಿದ್ದರೆ ಪಂಪ್ ಕೆಳಗಿಳಿದು ಪಂಪ್ ರಿಪೇರಿ ಲ್ಯಾಬಿಗೆ ಹೋಗಿರುತ್ತಿತ್ತು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಈಗ ಇದರ ಮಿತಿಗಳು. ಎಂಜಿನ್ ಒಳಗಿನ ಸವೆತವನ್ನು ಇದು ನೇರವಾಗಿ ಹೇಳುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಬಿಳಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಜೋರಾಗಿ ಉಸಿರಾಡುವುದು, ಇವು ಕಂಡರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಅಂತ ಅಳೆಸಬೇಕು. ಅದಕ್ಕೆ ಡೀಸೆಲ್ ಎಂಜಿನ್ನಿನ ಗೇಜೇ ಬೇಕು, ಪೆಟ್ರೋಲ್ ಗಾಡಿಯ ಗೇಜ್ ನಡೆಯುವುದಿಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಅದು ಬೇರೆಯೇ ಕಥೆ.

ಇನ್ನೊಂದು ಮಿತಿ ನಮ್ಮ ಭಾಗದವರಿಗೆ ವಿಶೇಷವಾಗಿ ಮುಖ್ಯ. ಮೀಟರ್ ಒತ್ತಡ ತೋರಿಸುತ್ತದೆ, ಗಾಳಿ ಎಷ್ಟು ಕಾದಿದೆ ಅಂತ ತೋರಿಸುವುದಿಲ್ಲ. ಕಾದ ಗಾಳಿ ತೆಳ್ಳಗಿರುತ್ತದೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 43 ಡಿಗ್ರಿಯ ಗಾಳಿಯಲ್ಲಿ ಅದೇ ಒತ್ತಡಕ್ಕೆ ಶೇಕಡಾ 7ರಷ್ಟು ಕಡಿಮೆ ಆಮ್ಲಜನಕ ಇರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗಾಡಿ ಸ್ವಲ್ಪ ಮಂದ ಅನ್ನಿಸಿದರೆ ಗಾಬರಿ ಬೇಡ, ಸಂಜೆ ಮತ್ತೆ ನೋಡಿ. ಆದರೆ ಇಂಟರ್‌ಕೂಲರ್ ಮುಚ್ಚಿಕೊಂಡಿದ್ದರೆ ಸಂಜೆಯೂ ಹಾಗೇ ಇರುತ್ತದೆ. ತೊಗರಿ ಹೊಟ್ಟು, ಕಲ್ಲಿನ ಪುಡಿ, ಹುಳು ಎಲ್ಲ ಅದರ ರೆಕ್ಕೆಗಳ ನಡುವೆ ಕೂತು ಗಚ್ಚು ಹಿಡಿಯುತ್ತವೆ. ಮುಳ್ಳು ಮಾತ್ರ 0.8 ಅಂತಲೇ ತೋರಿಸುತ್ತಿರುತ್ತದೆ. ಸುಗ್ಗಿ ಮುಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ.

ಮೀಟರಿನ ಬಾಳಿಕೆ ಬಗ್ಗೆ. ಮುಳ್ಳು, ಒಳಗಿನ ಯಂತ್ರ ಇನ್ನೂ ಗಟ್ಟಿಮುಟ್ಟಾಗಿವೆ. ಗಾಜು ಬಿಸಿಲಿಗೆ ಸ್ವಲ್ಪ ಮಬ್ಬಾಗಿದೆ, ದೀಪ ಹೋಗಿ ಬಹಳ ದಿನವಾಯಿತು. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಪೈಪು ಮಾತ್ರ ಕಳಪೆ. ಎಂಜಿನ್ ಹತ್ತಿರ ಅದು ಮೆತ್ತಗಾಗಿ ಚಪ್ಪಟೆ ಆಯಿತು, ಮುಳ್ಳು ನಿಧಾನವಾಗಿ ಏಳತೊಡಗಿತು. ಬಾನೆಟ್ ಒಳಗಿನ ಭಾಗಕ್ಕೆ ತಾಮ್ರದ ನಳಿಕೆ ಹಾಕಿಸಿದ ಮೇಲೆ ಆ ತೊಂದರೆ ಇಲ್ಲ. ಮುಳ್ಳು ಗಡಗಡ ನಡುಗುತ್ತಿದ್ದರೆ ಪೈಪಿನಲ್ಲಿ ಸಣ್ಣ ತೂತಿನ ತಡೆ ಹಾಕಿಸಿ, ನಿಲ್ಲುತ್ತದೆ.

ಹಾಕಿಸುವಾಗ ಒಂದು ಎಚ್ಚರ. ಕೆಲವರು ಸುಲಭ ಅಂತ ಪಂಪಿನ ತೆಳು ಪೈಪನ್ನೇ ಕತ್ತರಿಸಿ ಅಲ್ಲಿ ಟೀ ಜಾಯಿಂಟ್ ಹಾಕುತ್ತಾರೆ. ಬೇಡ ಅನ್ನಿ. ಮುಂದೆ ಆ ಜಾಯಿಂಟ್ ಸೋರಿದರೆ ಎಳೆತ ಹೋಗುವುದಕ್ಕೆ ಮೀಟರೇ ಕಾರಣ ಆಗುತ್ತದೆ. ಮ್ಯಾನಿಫೋಲ್ಡಿನಿಂದ ಬೇರೆ ಬಾಯಿ ಮಾಡಿಸಿ.

ಇನ್ನು ಮೀಟರ್ ಹಾಕಿಸಿದ ಮೇಲೆ ಬರುವ ಒಂದು ಚಟ ಇದೆ. 0.8 ಬರುತ್ತಿದೆ, 1.2 ಬಂದರೆ ಇನ್ನೂ ಚೆನ್ನ ಅಲ್ವಾ ಅಂತ ವೇಸ್ಟ್‌ಗೇಟ್ ರಾಡ್ ಬಿಗಿ ಮಾಡಿಸುವುದು, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಸುವುದು. ದಯವಿಟ್ಟು ಮಾಡಬೇಡಿ. ಇಷ್ಟು ವರ್ಷ ದುಡಿದ ಎಂಜಿನ್ ಇದು. ಭಾರ ಹೇರಿ ಮೇ ತಿಂಗಳ ಬಿಸಿಲಲ್ಲಿ ಏರು ಹತ್ತುವಾಗ ಒಳಗಿನ ಕಾವು ಮಿತಿ ಮೀರಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಪಿಸ್ಟನ್ ಕರಗುತ್ತದೆ. ಮೀಟರ್ ಇರುವುದು ಗಾಡಿ ಮೊದಲಿನಂತೆ ಇದೆಯಾ ಅಂತ ನೋಡಲು. ಗಾಡಿ ಚೆನ್ನಾಗಿದ್ದ ದಿನವೇ ಒಂದು ಗೊತ್ತಿರುವ ಏರಿನಲ್ಲಿ, ಗೊತ್ತಿರುವ ಲೋಡಿನಲ್ಲಿ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಾನು ಸನ್‌ಶೇಡ್ ಹಿಂದೆ ಚೀಟಿ ಅಂಟಿಸಿದ್ದೇನೆ. ಎಳೆತ ಹೋದ ಮೇಲೆ ಮೀಟರ್ ಕೊಂಡರೆ ಹೋಲಿಸಿ ನೋಡಲು ನಿಮ್ಮ ಗಾಡಿಯದೇ ಲೆಕ್ಕ ಇರುವುದಿಲ್ಲ.

ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಅರ್ಧ ಕಡಿದದ್ದು ಆ ಪ್ಲಾಸ್ಟಿಕ್ ಪೈಪಿಗೆ. ಟರ್ಬೋ ಇಲ್ಲದ ಹಳೆ ಗಾಡಿಗೆ ಇದು ಉಪಯೋಗವಿಲ್ಲ. ಕಂಪ್ಯೂಟರ್ ಇರುವ ಕಾಮನ್ ರೈಲ್ (ಹೊಸ ಬಗೆಯ ಡೀಸೆಲ್ ವ್ಯವಸ್ಥೆ) ಗಾಡಿಯಾದರೆ ಮೊದಲು ಸ್ಕ್ಯಾನರ್ ಹಾಕಿಸಿ ನೋಡಿ, ಅಂಥ ಬಹಳಷ್ಟು ಗಾಡಿಗಳಲ್ಲಿ ಈ ಒತ್ತಡದ ಲೆಕ್ಕ ಸೆನ್ಸರ್‌ನಿಂದ ಅದರಲ್ಲೇ ಸಿಗುತ್ತದೆ.