ಲೋಟ ಅಲುಗಾಡಬಾರದು: ಶಿರಸಿಯ ದಾರದಂಗಡಿಯ ಕ್ರೋಶಾ ಕೋಸ್ಟರ್ ಕಿಟ್

ಕ್ರೋಶಾದ ಚೈನು (ಕುಣಿಕೆಗಳ ಸರಪಳಿ), ಕಂಬ (ಉದ್ದನೆಯ ಹೆಣಿಗೆ) ಎರಡೂ ಕೈಗೆ ಕೂತಿವೆ, ಇನ್ನು ಸ್ವಲ್ಪ ಕಷ್ಟದ ಹೆಣಿಗೆ ಕಲಿಯಬೇಕು ಅಂತ ಇರುವವರು ಲೋಟದ ಕೆಳಗೆ ಹಾಸುವ ಕೋಸ್ಟರ್ ಹೆಣೆಯುವ ಈ ಕಿಟ್ ತೆಗೆದುಕೊಳ್ಳಿ. ಇದನ್ನು ಮಾರುವುದು ಶಿರಸಿಯಲ್ಲಿ ದೇವಿಕೆರೆಯಿಂದ ಸ್ವಲ್ಪ ನಡೆದರೆ ಸಿಗುವ ಒಂದು ಸಣ್ಣ ದಾರದಂಗಡಿ. ಬೋರ್ಡು ಕೂಡ ಸರಿಯಾಗಿ ಕಾಣಿಸುವುದಿಲ್ಲ, ಬಾಗಿಲಲ್ಲಿ ನೇತುಹಾಕಿದ ಬಣ್ಣಬಣ್ಣದ ಉಲ್ಲನ್ ನೋಡಿಯೇ ಗುರುತು ಹಿಡಿಯಬೇಕು. ನಾನು ಕುಮಟೆಯಿಂದ ಹೋದವಳು. ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಹೆಚ್ಚುಕಡಿಮೆ ಎರಡು ತಾಸು. ಈಗ ಮೂರು ಸಲ ಹೋಗಿ ಬಂದಾಯಿತು.

ಕಿಟ್ಟಿಗೆ 260 ರೂಪಾಯಿ ಕೊಟ್ಟೆ. ಒಳಗೆ 50 ಗ್ರಾಂನ ಎರಡು ಉಂಡೆ ಹತ್ತಿ ದಾರ, ಒಂದು ಬಿಳಿ, ಒಂದು ಕೆಂಪು. 3 ಮಿ.ಮೀ. ಅಲ್ಯುಮಿನಿಯಂ ಕ್ರೋಶಾ ಕಡ್ಡಿ, ದಾರದ ತುದಿ ಒಳಗೆ ಸೇರಿಸಲು ಒಂದು ದಪ್ಪ ಸೂಜಿ, ಮೂರು ಬಗೆಯ ಕೋಸ್ಟರಿನ ಚಿತ್ರ ಇರುವ ಹಾಳೆ. ಕಡ್ಡಿ ಅಲ್ಯುಮಿನಿಯಂ ಆಗಿರುವುದು ನನಗೆ ತುಂಬ ಖುಷಿಯಾಯಿತು, ಯಾಕೆಂದರೆ ನನ್ನ ಹಳೆಯ ಕಬ್ಬಿಣದ ಕಡ್ಡಿಗೆ ಕುಮಟೆಯ ಉಪ್ಪು ಗಾಳಿ ತಗುಲಿ ಒಂದೇ ಮಳೆಗಾಲದಲ್ಲಿ ತುಕ್ಕು ಬಂದು ಬಿಳಿ ದಾರಕ್ಕೆಲ್ಲ ಕಲೆ ಹಿಡಿದಿತ್ತು.

ಇದಕ್ಕೂ ಮೊದಲು ಬೇರೆ ಕಡೆಯಿಂದ ಅಂಚೆಯಲ್ಲಿ ಒಂದು ಕಿಟ್ ತರಿಸಿದ್ದೆ. ಹಾಳೆ ಪೂರ್ತಿ ಇಂಗ್ಲಿಷು, ಡಬಲ್ ಕ್ರೋಶೆ ಹಾಕಿ, ಪ್ರತಿ ಸುತ್ತಿಗೆ 12 ಹೆಚ್ಚಿಸಿ ಅಂತ ಇತ್ತು. ಹಾಗೇ ಮಾಡಿದೆ, ಅಂಚು ಲಂಗದ ನೆರಿಗೆ ಹಾಗೆ ಅಲೆಅಲೆಯಾಗಿ ಎದ್ದಿತು. ಮೂರು ಸಲ ಬಿಚ್ಚಿದೆ. ಆಮೇಲೆ ಗೊತ್ತಾಗಿದ್ದು ಏನೆಂದರೆ, ಅಮೆರಿಕದವರು ಡಬಲ್ ಕ್ರೋಶೆ ಅನ್ನುವುದನ್ನು ಬ್ರಿಟಿಷರು ಟ್ರೆಬಲ್ ಅನ್ನುತ್ತಾರೆ, ಅದೇ ಉದ್ದನೆಯ ಕಂಬ. ಬ್ರಿಟಿಷರ ಡಬಲ್ ಅಂದರೆ ಅಮೆರಿಕದವರ ಸಿಂಗಲ್, ಅದು ಗಿಡ್ಡ ಹೆಣಿಗೆ. ಹಾಳೆ ಬರೆದದ್ದು ಅಮೆರಿಕದ ಲೆಕ್ಕದಲ್ಲಿ. ನಾನು ಕಲಿತದ್ದು ಬ್ರಿಟಿಷ್ ಲೆಕ್ಕದಲ್ಲಿ, ಹಾಗಾಗಿ ಗಿಡ್ಡ ಹೆಣಿಗೆ ಹಾಕುತ್ತಾ ಹೋದೆ. ಗಿಡ್ಡ ಹೆಣಿಗೆಗೆ ಸುತ್ತಿಗೆ 6 ಹೆಚ್ಚಿಸಿದರೆ ಸಾಕು, ಚಪ್ಪಟೆಯಾಗಿ ಕೂರುತ್ತದೆ. ಉದ್ದದ್ದಕ್ಕೆ ಮಾತ್ರ 12 ಬೇಕು. ಯಾವ ದೇಶದ ಲೆಕ್ಕ ಅಂತ ಒಂದು ಸಾಲು ಬರೆದಿದ್ದರೆ ನನ್ನ ನಾಲ್ಕು ದಿನ ಉಳಿಯುತ್ತಿತ್ತು, ಅಲ್ವಾ?

ಶಿರಸಿಯ ಕಿಟ್ಟಿನಲ್ಲಿ ಈ ಗೊಂದಲವೇ ಇಲ್ಲ. ಹಾಳೆಯಲ್ಲಿ ಮಾತು ಕಡಿಮೆ, ಗುರುತುಗಳೇ ಜಾಸ್ತಿ. ಚೈನಿಗೆ ಉದ್ದನೆಯ ಸೊನ್ನೆ, ಕಂಬಕ್ಕೆ ತಲೆಯ ಮೇಲೆ ಅಡ್ಡಗೆರೆ ಇರುವ ನಿಂತ ಗೀಟು, ಅದರ ನಡುವೆ ಒಂದು ಓರೆ ಗೆರೆ. ನೋಡಲು ಕಂಬದ ಹಾಗೇ ಇದೆ. ಅಂಗಡಿಯ ಅಕ್ಕನ ತವರು ಬೆಳಗಾವಿ ಕಡೆ. ಅವರ ಬಾಯಲ್ಲಿ ಮರಾಠಿಯ ಸಾಖಳಿ (ಚೈನು), ಖಾಂಬ (ಕಂಬ), ಮುಕಾ ಖಾಂಬ (ಗಿಡ್ಡ ಹೆಣಿಗೆ) ಎಲ್ಲ ಬರುತ್ತವೆ. ನಮ್ಮ ಅಮ್ಮನೂ ಕಂಬ ಅಂತಲೇ ಅನ್ನುತ್ತಿದ್ದರು, ಹಾಗಾಗಿ ನನಗೆ ಕೇಳಿದ ಕೂಡಲೇ ತಿಳಿಯಿತು.

ಈಗ ಕೋಸ್ಟರಿನ ವಿಷಯ. ಮೊದಲನೆಯದು ಪಾಪ್‌ಕಾರ್ನ್ ಹೆಣಿಗೆಯದು, ಮೂರರಲ್ಲಿ ನನಗೆ ಇದೇ ಹೆಚ್ಚು ಇಷ್ಟ. ನಡುವಿನ ಕುಣಿಕೆಯೊಳಗೆ 12 ಕಂಬ, ಮುಂದೆ 24, 36, 48. ನಾಲ್ಕು ಸುತ್ತು ಸುಮ್ನೆ ಕಂಬಗಳೇ. ಐದನೇ ಸುತ್ತಿನಲ್ಲಿ ಪ್ರತಿ ನಾಲ್ಕನೇ ಕಂಬದ ಮೇಲೆ ಒಂದೊಂದು ಪಾಪ್‌ಕಾರ್ನ್, ನಡುವೆ ನಾಲ್ಕು ಚೈನು, ಒಟ್ಟು 12 ಮೊಗ್ಗು. ಪಾಪ್‌ಕಾರ್ನ್ ಅಂದರೆ ಒಂದೇ ಜಾಗದಲ್ಲಿ ಐದು ಕಂಬ ಹಾಕಬೇಕು. ಆಮೇಲೆ ಕಡ್ಡಿಯನ್ನು ಕುಣಿಕೆಯಿಂದ ಹೊರಗೆ ತೆಗೆದು, ಆ ಐದರಲ್ಲಿ ಮೊದಲನೆಯ ಕಂಬದ ತಲೆಗೆ ಮುಂದಿನಿಂದ ಚುಚ್ಚಿ, ಬಿಟ್ಟ ಕುಣಿಕೆಯನ್ನು ಹಿಡಿದು ಎಳೆಯಬೇಕು. ಆಗ ಐದೂ ಒಟ್ಟಿಗೆ ಮುದುಡಿ ಮಲ್ಲಿಗೆ ಮೊಗ್ಗಿನ ಹಾಗೆ ಮುಂದಕ್ಕೆ ಉಬ್ಬುತ್ತವೆ. ಹಿಂದಿನಿಂದ ಚುಚ್ಚಿದರೆ ಮೊಗ್ಗು ಹಿಂದಕ್ಕೆ ಹೋಗುತ್ತದೆ. ಇಷ್ಟು ಚಿಕ್ಕ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕಡ್ಡಿ ಹೊರಗೆ ತೆಗೆದಾಗ ಕುಣಿಕೆ ಜಾರದ ಹಾಗೆ ಮೊದಲು ಅದನ್ನು ಸ್ವಲ್ಪ ದೊಡ್ಡದಾಗಿ ಎಳೆದು ಬಿಡಿ.

ಮೊಗ್ಗುಗಳು ಬರೀ ಅಂಚಿನಲ್ಲೇ ಯಾಕೆ, ನಡುವೆಯೂ ಹಾಕಿದರೆ ಹೂವಿನ ಹಾಗೆ ಚೆಂದ ಅಲ್ವಾ ಅಂತ ಅಕ್ಕನನ್ನು ಕೇಳಿದೆ. ಅವರು ತಾವು ಚಹಾ ಕುಡಿಯುತ್ತಿದ್ದ ಸ್ಟೀಲ್ ಲೋಟ ಖಾಲಿ ಮಾಡಿ ನನ್ನ ಅರ್ಧ ಹೆಣೆದ ವೃತ್ತದ ಮೇಲೆ ಇಟ್ಟರು. ಲೋಟದ ತಳ ಸರಿಯಾಗಿ ಮೂರನೇ ಸುತ್ತಿನ ಅಂಚಿಗೆ ಬಂತು. "ತಂಗಿ, ಮೊದ್ಲ ಲೋಟ ಎಲ್ಲಿ ಕೂಡ್ತದ ನೋಡು. ಅದರ ಕೆಳಗ ಏನೂ ಉಬ್ಬಿರಬಾರ್ದು. ಅಲ್ಲಿಂದ ಹೊರಗ ಏನ್ ಬೇಕಾದ್ರೂ ಮಾಡ್ಕೋ," ಅಂದರು. ಈ ಒಂದು ಮಾತಿಗೇ ನಾನು 260 ರೂಪಾಯಿ ಕೊಡುತ್ತಿದ್ದೆ, ನಿಜವಾಗಿ ಹೇಳುತ್ತಿದ್ದೇನೆ. ಚೆಂದದ ಕೋಸ್ಟರ್‌ಗಳ ಚಿತ್ರ ಎಷ್ಟೋ ನೋಡಿದ್ದೇನೆ, ಬಹಳಷ್ಟರಲ್ಲಿ ನಟ್ಟನಡುವೆಯೇ ಒಂದು ಉಬ್ಬಿದ ಹೂವು. ಅದರ ಮೇಲೆ ತುಂಬಿದ ಕಷಾಯದ ಲೋಟ ಇಟ್ಟು ನೋಡಿ, ಒಂದು ಕಡೆ ವಾಲುತ್ತದೆ.

ಅದಕ್ಕೇ ಎರಡನೇ ಕೋಸ್ಟರಿಗೆ ನನ್ನ ತಕರಾರು ಇದೆ. ಇದು ಫ್ರಂಟ್ ಪೋಸ್ಟ್ ಹೆಣಿಗೆ. ಕಂಬದ ತಲೆಗೆ ಚುಚ್ಚುವ ಬದಲು ಕಡ್ಡಿಯನ್ನು ಕೆಳಗಿನ ಸುತ್ತಿನ ಕಂಬದ ಬಲಕ್ಕೆ ಒಳಗೆ ಹಾಕಿ, ಕಂಬದ ಹಿಂದಿನಿಂದ ಸುತ್ತಿಸಿ ಎಡಕ್ಕೆ ಹೊರಗೆ ತಂದು ದಾರ ಎಳೆಯಬೇಕು. ಗೆರೆ ಎದ್ದು ನಿಲ್ಲುತ್ತದೆ, ಗಾಡಿ ಚಕ್ರದ ಅರೆಕಾಲಿನ ಹಾಗೆ ಚೆಂದ ಕಾಣುತ್ತದೆ. ಆದರೆ ಹಾಳೆಯಲ್ಲಿ ಈ ಗೆರೆಗಳು ಎರಡನೇ ಸುತ್ತಿನಿಂದಲೇ ಶುರು. ಅಗಲ ತಳದ ಲೋಟ ಪರವಾಗಿಲ್ಲ, ಸಣ್ಣ ತಳದ ಗಾಜಿನ ಲೋಟ ಅಲುಗಾಡುತ್ತದೆ. ಎರಡನೇ ಸಲ ಹೋದಾಗ ಹೇಳಿದೆ, ನಾಲ್ಕನೇ ಸುತ್ತಿನಿಂದ ಶುರು ಮಾಡು ಅಂದರು. ಹಾಗೆ ಮಾಡಿದ್ದು ಗಟ್ಟಿಯಾಗಿ ಕೂತಿದೆ. ಹಾಳೆಯನ್ನೇ ತಿದ್ದಿದರೆ ಒಳ್ಳೆಯದು. ಇನ್ನೊಂದು, ಹೀಗೆ ಹಾಕಿದ ಕಂಬ ಸ್ವಲ್ಪ ಗಿಡ್ಡವಾಗಿ ಬಂದು ಅಂಚು ಬಟ್ಟಲಿನ ಹಾಗೆ ಮೇಲೇಳುತ್ತದೆ. ಆ ಸುತ್ತುಗಳಿಗೆ 3.5 ಮಿ.ಮೀ. ಕಡ್ಡಿ ಹಿಡಿದರೆ ಸರಿ ಹೋಗುತ್ತದೆ.

ಮೂರನೆಯದು ಕ್ರೊಕೊಡೈಲ್ ಹೆಣಿಗೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಎಸಳು. ಕಲಿಯಲು ಒಂದು ಮಾಡಿ ಸಾಕು. ದಪ್ಪ ಆಗುತ್ತದೆ, ಒಣಗುವುದೂ ನಿಧಾನ. ತೂಗಿ ನೋಡಿದೆ, ಪಾಪ್‌ಕಾರ್ನಿನದು 16 ಗ್ರಾಂ, ಇದು 28 ಗ್ರಾಂ. ಕವರಿನ ಮೇಲೆ ಆರು ಕೋಸ್ಟರ್ ಅಂತ ಬರೆದಿದ್ದಾರೆ, ಮೂರೂ ಬಗೆಯಲ್ಲಿ ಎರಡೆರಡು ಮಾಡಿದರೆ 100 ಗ್ರಾಂ ದಾರದಲ್ಲಿ ಆಗುವುದೇ ಇಲ್ಲ.

ಕೊನೆಯ ಅಂಚಿಗೆ ಅಕ್ಕ ಕ್ರ್ಯಾಬ್ ಸ್ಟಿಚ್ ಕಲಿಸಿದರು. ಗಿಡ್ಡ ಹೆಣಿಗೆಯನ್ನೇ ಏಡಿ ಅಡ್ಡಕ್ಕೆ ಸರಿದ ಹಾಗೆ ಎಡದಿಂದ ಬಲಕ್ಕೆ ಹಾಕುವುದು. ಮೊದಲ ಹತ್ತು ಹೆಣಿಗೆ ಕೈಗೇ ಬರಲಿಲ್ಲ. ಬಂದ ಮೇಲೆ ಅಂಚು ಹುರಿ ಹಗ್ಗದ ಹಾಗೆ ಬಿಗಿಯಾಗಿ ನಿಂತಿತು.

ದಾರದ ಬಗ್ಗೆ ಒಂದು ಬೇಸರ. ಕೆಂಪು ಬಣ್ಣ ಬಿಟ್ಟಿತು. ಮೊದಲ ತೊಳೆತಕ್ಕೇ ಬಿಳಿ ಮೊಗ್ಗೆಲ್ಲ ಗುಲಾಬಿಯಾದವು, ನೋಡಿ ಹೊಟ್ಟೆ ಉರಿಯಿತು. ತೆಗೆದುಕೊಂಡು ಹೋಗಿ ತೋರಿಸಿದೆ. ಅಕ್ಕ ವಾದ ಮಾಡಲಿಲ್ಲ, ಹಸಿರು ಉಂಡೆಯೊಂದನ್ನು ಹಾಗೇ ಕೊಟ್ಟರು. ಯಾವ ಬಣ್ಣದ ದಾರವಾದರೂ ಒಂದು ಗೇಣು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ ಆಮೇಲೆ ಶುರು ಮಾಡಬೇಕಂತೆ. ಇದನ್ನು ಹಾಳೆಯಲ್ಲೇ ಬರೆಯಬೇಕಿತ್ತು. ಹತ್ತಿ ಕೊಟ್ಟಿರುವುದು ಮಾತ್ರ ಸರಿಯೇ. ಉಳಿದ ಅಕ್ರಿಲಿಕ್ ಉಲ್ಲನ್‌ನಲ್ಲಿ ಹಿಂದೆ ನಾನು ಮಾಡಿದ್ದ ಕೋಸ್ಟರ್ ನೀರು ಹೀರದೆ ಮೇಜಿಗೇ ಇಳಿಸುತ್ತಿತ್ತು. ಇದು ತಣ್ಣನೆಯ ಮುರುಗಲು ಶರಬತ್ತಿನ ಲೋಟದ ಬೆವರನ್ನೆಲ್ಲ ಹೀರಿಕೊಳ್ಳುತ್ತದೆ.

ಹೆಣೆದು ಮುಗಿದ ಮೇಲೆ ಒದ್ದೆ ಮಾಡಿ, ಥರ್ಮೋಕೋಲ್ ಮೇಲೆ ಟವೆಲ್ ಹಾಸಿ, ಪ್ರತಿ ಮೊಗ್ಗಿನ ಹತ್ತಿರ ಗುಂಡುಪಿನ್ನು ಚುಚ್ಚಿ ಒಣಗಲು ಬಿಡಿ. ಇದನ್ನು ಬಿಡಬೇಡಿ, ಸೊಟ್ಟ ಇದ್ದದ್ದೆಲ್ಲ ಗುಂಡಗಾಗುತ್ತದೆ. ಆಷಾಢದಲ್ಲಿ ನನ್ನದು ಒಣಗಲು ಎರಡು ದಿನ ಬೇಕಾಯಿತು. ಗಟ್ಟಿ ನಿಲ್ಲಲಿ ಅಂತ ಅನ್ನದ ಗಂಜಿ ತಿಳಿ ಹಾಕುವ ಪದ್ಧತಿ ನಮ್ಮ ಕಡೆ ಇದೆ. ಮಳೆಗಾಲದಲ್ಲಿ ಮಾತ್ರ ಬೇಡ. ನಾನು ಹಾಕಿದ ಒಂದಕ್ಕೆ ವಾರದಲ್ಲಿ ಬೂಷ್ಟು ಬಂತು.

ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅಕ್ಕ ಅಂಗಡಿಯಲ್ಲೇ ಕೂರಿಸಿ ಹೇಳಿಕೊಡುತ್ತಾರೆ, ಕಿಟ್ ತೆಗೆದುಕೊಂಡವರಿಗೆ ಬೇರೆ ದುಡ್ಡಿಲ್ಲ. ಮೂರೇ ಸ್ಟೂಲು ಇವೆ, ಬೇಗ ಹೋಗಿ. ಮನೆಯಲ್ಲಿ ದಿನಾ ಬಳಸುವ ಲೋಟ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಿ, ಅಕ್ಕ ಮೊದಲು ಕೇಳುವುದು ಅದನ್ನೇ.