ಮಳೆಗಾಲದಲ್ಲಿ ಸುಮ್ಮನಿದ್ದು ಬೇಸಿಗೆಯಲ್ಲಿ ಗುಂಯ್ ಅನ್ನುವ ರಿಸೀವರ್: ಎರಡು ವರ್ಷದ ಬಳಕೆಯ ಮೇಲೆ

ಎಲೆಕ್ಟ್ರಾನಿಕ್ ಸಾಮಾನಿಗೆ ಕೊಡಗಿನ ಮಳೆ ಆಗಿಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ನಮ್ಮ ಮನೆ ನಾಪೋಕ್ಲು ಕಡೆ. ಜುಲೈ ಬಂತು ಅಂದರೆ ಬೆಲ್ಟು, ಚಪ್ಪಲಿ, ಕನ್ನಡಕದ ಡಬ್ಬ, ಎಲ್ಲಕ್ಕೂ ಬೂಷ್ಟು. ಬಟ್ಟೆ ಬೀರುವಿನೊಳಗೆ ಬಲ್ಬು ಉರಿಸಿಡುವ ಮನೆ ನಮ್ಮದು. ಆದರೆ ನನ್ನ ರಿಸೀವರ್, ಅಂದರೆ ಟಿವಿಯ ಸದ್ದನ್ನು ದೊಡ್ಡದು ಮಾಡಿ ಸ್ಪೀಕರ್‌ಗಳಿಗೆ ಹಂಚುವ ಡಬ್ಬ, ಅದು ಮಾತ್ರ ಉಲ್ಟಾ. ಜಡಿಮಳೆಯಲ್ಲಿ ಒಂದು ತಕರಾರಿಲ್ಲದೆ ಹಾಡುತ್ತಿತ್ತು. ಜನವರಿಯಲ್ಲಿ ಬಿಸಿಲು ಬಿದ್ದು ಕಣದಲ್ಲಿ ಕಾಫಿ ಒಣಗೋಕೆ ಶುರುವಾದ ಮೇಲೆ ಗುಂಯ್ ಅನ್ನೋಕೆ ಶುರುಮಾಡಿತು. ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಆ ಗುಂಯ್‌ಗೋಸ್ಕರ. ಎಷ್ಟು ವ್ಯಾಟ್, ಎಷ್ಟು ಚಾನೆಲ್ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತೆ, ನೋಡಿಕೊಳ್ಳಿ. ಕಂಪನಿ ಹೆಸರೂ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ತಂದಿದ್ದು 2024ರ ಮೇ ತಿಂಗಳಲ್ಲಿ. ಆ ವರ್ಷ ರೋಬಸ್ಟಾ ಕಾಫಿಗೆ ಹಿಂದೆ ಕಾಣದ ಬೆಲೆ ಬಂದಿತ್ತಲ್ವಾ, ಆ ಧೈರ್ಯದಲ್ಲಿ 40 ಸಾವಿರದ ಹತ್ತಿರ ಹೋದೆ. ಬೇರೆ ವರ್ಷ ಆಗಿದ್ದರೆ ಟಿವಿ ಕೆಳಗೆ ಒಂದು ಸೌಂಡ್‌ಬಾರ್ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದೆ.

ಮೊದಲ ದಿನವೇ ಬೆವರಿಳಿಸಿತು. ಎಲ್ಲ ಜೋಡಿಸಿ ಆನ್ ಮಾಡಿದರೆ ಟಕ್ ಅಂತ ರಿಲೇ ಸದ್ದು, ಎರಡು ಸೆಕೆಂಡ್, ಮತ್ತೆ ಟಕ್, ಆಫ್. ಕೆಂಪು ದೀಪ ಮಿಟುಕುತ್ತಿದೆ. ಅಂಗಡಿಗೆ ಫೋನ್ ಮಾಡಿದರೆ ಮೈಸೂರಿಗೆ ತನ್ನಿ ಅಂದರು. ನಮಗೆ ಮಡಿಕೇರಿ ತಲುಪೋದೇ ಒಂದು ಪ್ರಯಾಣ, ಅಲ್ಲಿಂದ ಇನ್ನೂ ನೂರಿಪ್ಪತ್ತು ಕಿಲೋಮೀಟರ್. ಸಿಟ್ಟಲ್ಲಿ ಟಾರ್ಚ್ ಹಿಡಿದು ಹಿಂದೆ ನೋಡಿದೆ. ಸ್ಪೀಕರ್ ವೈರಿನ ಒಂದೇ ಒಂದು ತಾಮ್ರದ ಎಳೆ, ಕೂದಲಿನಷ್ಟು ತೆಳ್ಳಗಿನದು, ಕೆಂಪು ಟರ್ಮಿನಲ್‌ನಿಂದ ಹೊರಗೆ ಬಂದು ಪಕ್ಕದ ಕಪ್ಪಿಗೆ ತಾಗಿಕೊಂಡಿತ್ತು. ಅಷ್ಟೇ. ಶಾರ್ಟ್ ಆದ ಕೂಡಲೇ ತನ್ನನ್ನು ತಾನು ಉಳಿಸಿಕೊಳ್ಳೋಕೆ ಅದು ಬಂದ್ ಆಗುತ್ತೆ, ಪ್ರೊಟೆಕ್ಟ್ ಮೋಡ್ ಅಂತಾರೆ. ನಿಮಗೂ ಹೀಗಾದರೆ ಗಾಬರಿ ಬೇಡ. ಪ್ಲಗ್ ತೆಗೆದು, ಸ್ಪೀಕರ್ ವೈರ್ ಎಲ್ಲ ಬಿಚ್ಚಿ, ಏನೂ ಇಲ್ಲದೆ ಬರಿ ರಿಸೀವರ್ ಆನ್ ಮಾಡಿ. ಆಫ್ ಆಗದೆ ಉಳಿದರೆ ತಪ್ಪು ವೈರಿನದು. ಆಮೇಲೆ ಎಳೆಗಳನ್ನು ಬತ್ತಿ ಹೊಸೆದ ಹಾಗೆ ಹೊಸೆದು ಹಾಕಿ, ಇಲ್ಲ ಅಂದರೆ ವೈರಿನ ತುದಿಗೆ ಸಿಕ್ಕಿಸುವ ಬನಾನಾ ಪ್ಲಗ್ ತಗೊಳ್ಳಿ.

ಟಿವಿ ಜೋಡಿಸೋದ್ರಲ್ಲಿ ಇನ್ನೊಂದು ಪೆದ್ದುತನ. ಟಿವಿಯ ಸದ್ದು ರಿಸೀವರ್‌ಗೆ ವಾಪಸ್ ಬರಬೇಕು ಅಂದರೆ ಎಚ್‌ಡಿಎಂಐ ಕೇಬಲ್ ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ತೂತಿಗೇ ಹೋಗಬೇಕು, ರಿಸೀವರ್ ಕಡೆ ಔಟ್ ಅಂತ ಇರುವಲ್ಲಿಂದ ಹೊರಡಬೇಕು. ನಾನು ಮೂರು ವಾರ ಪಕ್ಕದ ತೂತಿಗೆ ಹಾಕಿಕೊಂಡು ಬೈತಾ ಇದ್ದೆ. ಸರಿಯಾದ ತೂತಿಗೆ ಹಾಕಿದರೂ ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ, ಅಂದರೆ ಟಿವಿಯೂ ರಿಸೀವರೂ ಒಂದಕ್ಕೊಂದು ಮಾತಾಡಿಕೊಳ್ಳುವ ಸೌಲಭ್ಯ, ಆನ್ ಇರಬೇಕು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ಹುಡುಕಿ ಸುಸ್ತಾಗುತ್ತೆ. ಟಿವಿಯ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿ ಇದ್ದರೆ ಬರೋದು ಸ್ಟೀರಿಯೊ, ಅಂದರೆ ಎಡ ಬಲ ಎರಡೇ ಸದ್ದು. ಆಟೊ ಅಥವಾ ಪಾಸ್‌ಥ್ರೂ ಮಾಡಿದರೆ ಒಂದೊಂದು ಸ್ಪೀಕರಿಗೆ ಬೇರೆ ಬೇರೆ ಸದ್ದು ಕೊಡುವ ಡಾಲ್ಬಿ ಬರುತ್ತೆ. ಇದೆಲ್ಲ ಮ್ಯಾನುಯಲ್‌ನಲ್ಲಿ ಇದೆ ಅಂತೀರಾ? ಇದೆ. ಇರುವೆಯಷ್ಟು ದಪ್ಪದ ಅಕ್ಷರದಲ್ಲಿ.

ಇಷ್ಟಾದ ಮೇಲೆ ಜೂನ್‌ನಿಂದ ಡಿಸೆಂಬರ್ ತನಕ ಸುಖವೋ ಸುಖ. ಹೆಂಚಿನ ಮನೆ, ಆದರೆ ಟಿವಿ ಇರುವ ಕೋಣೆ ಆಮೇಲೆ ಸೇರಿಸಿದ್ದು, ಅದಕ್ಕೆ ಶೀಟು. ಶೀಟಿನ ಮೇಲೆ ಮಳೆ ಹೊಡೆಯುವಾಗ ಮನೆಯೊಳಗೇ ಕೂಗಿ ಮಾತಾಡಬೇಕು. ರಿಸೀವರ್‌ನಲ್ಲಿ ವಾಲ್ಯೂಮ್ ಮೈನಸ್ ಲೆಕ್ಕದಲ್ಲಿ ತೋರಿಸುತ್ತೆ, ಸೊನ್ನೆ ಹತ್ತಿರ ಬಂದಷ್ಟೂ ಜೋರು. ಮೇ ತಿಂಗಳಲ್ಲಿ ಮೈನಸ್ 40ರಲ್ಲಿ ಕೇಳುತ್ತಿದ್ದವರು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಮೈನಸ್ 22ಕ್ಕೆ ಬಂದಿದ್ದೆವು. ಇದನ್ನೇ ನಮ್ಮ ಮನೆಯ ಮಳೆಮಾಪನ ಅಂತ ಮಗ ತಮಾಷೆ ಮಾಡುತ್ತಾನೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಧಾರಾವಾಹಿಯಲ್ಲಿ ಮಾತು ಕೇಳಲ್ಲ, ಬರಿ ಡಂ ಡಂ ಸಂಗೀತ ಕೇಳುತ್ತೆ ಅಂತ ಯಾವಾಗಲೂ ದೂರು. ನಡುವಿನ ಸೆಂಟರ್ ಸ್ಪೀಕರ್ ಒಂದನ್ನೇ 3 ಡೆಸಿಬೆಲ್ ಏರಿಸಿದೆ. ಮಾತೆಲ್ಲ ಅದರಲ್ಲೇ ಬರೋದು. ಮರುದಿನದಿಂದ ದೂರಿಲ್ಲ. ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ವಸೂಲಾಯ್ತು ಅಂದುಕೊಂಡೆ.

ಅಮ್ಮ ಇದಕ್ಕೆ ಇನ್ನೊಂದು ಉಪಯೋಗವನ್ನೂ ಕಂಡುಹಿಡಿದರು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಮೆತ್ತಗಾಗಿ ಕಡ್ಡಿ ಗೀರಿದರೆ ತಲೆ ಉದುರುತ್ತೆ, ಗೊತ್ತಲ್ಲ. ರಿಸೀವರ್ ಮೇಲ್ಭಾಗ ಯಾವಾಗಲೂ ಬೆಚ್ಚಗೆ. ಸಂಜೆ ಟಿವಿ ಮುಗಿಯುವ ಹೊತ್ತಿಗೆ ಬೆಂಕಿಪೊಟ್ಟಣ ಒಣಗಿ ಗರಿಗರಿ. ಗಾಳಿ ಆಡುವ ಸೀಳುಗಳ ಮೇಲೆ ಏನೂ ಇಡಬಾರದು ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಕೊನೆಗೆ ಸೀಳಿಲ್ಲದ ಒಂದು ಮೂಲೆ ತೋರಿಸಿ ರಾಜಿಯಾದೆ.

ಜನವರಿ ಎರಡನೇ ವಾರ ಬಂತು ಗುಂಯ್. ದಪ್ಪ ಸದ್ದಿಗೆ ಇರುವ ಸಬ್‌ವೂಫರ್ ಅನ್ನೋ ಸ್ಪೀಕರ್‌ನಿಂದ, ನೆಲದೊಳಗೆ ಯಾವುದೋ ದೊಡ್ಡ ದುಂಬಿ ಕೂತ ಹಾಗೆ. ವಾಲ್ಯೂಮ್ ಏರಿಸಿದರೂ ಇಳಿಸಿದರೂ ಅಷ್ಟೇ. ತೋಟಕ್ಕೆ ನೀರು ಬಿಡೋಕೆ ಮೋಟರ್ ಹಾಕಿದರೆ ಇನ್ನೂ ಜೋರು. ಇನ್ವರ್ಟರ್‌ನದ್ದಿರಬಹುದು ಅಂತ ಅದನ್ನು ಬಂದ್ ಮಾಡಿದೆ, ಇಲ್ಲ. ಕೇಬಲ್ ಬದಲಾಯಿಸಿದೆ, ಇಲ್ಲ. ಸಿನಿಮಾದಲ್ಲಿ ಯಾರಾದರೂ ಸುಮ್ಮನೆ ಕೂತು ಅಳುವ ದೃಶ್ಯ ಬಂದರೆ ಹಿಂದೆ ಈ ಗುಂಯ್. ತಲೆ ಕೆಟ್ಟು, ಕಾಫಿ ಕೊಯ್ಲಿನ ನಡುವೆ ಒಂದು ದಿನ ಹಾಳುಮಾಡಿಕೊಂಡು ರಿಸೀವರ್ ಮೈಸೂರಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಜೋಡಿಸಿದರೆ ಒಂದು ಚೂರೂ ಸದ್ದಿಲ್ಲ! ಕೊಡಗಲ್ವಾ ಸಾರ್, ತೇವ ಜಾಸ್ತಿ, ಒಳಗೆ ನೀರಾಡಿರುತ್ತೆ ಅಂದರು. ಒರೆಸಿ, ಊದಿ, ಬಿಲ್ ಕೊಟ್ಟರು. ಮನೆಗೆ ಬಂದು ಹಾಕಿದರೆ ಗುಂಯ್. ಆ ರಾತ್ರಿ ಬರೆದಿದ್ದರೆ ಈ ವಿಮರ್ಶೆಗೆ ಒಂದೇ ನಕ್ಷತ್ರ, ಜೊತೆಗೆ ಕಂಪನಿ ಹೆಸರೂ ದಪ್ಪಕ್ಷರದಲ್ಲಿ ಇರುತ್ತಿತ್ತು.

ಸುಳಿವು ಸಿಕ್ಕಿದ್ದು ಹೂಮಳೆಯಲ್ಲಿ, ಕಾಫಿ ಹೂವರಳಿಸುವ ಬೇಸಿಗೆ ಮಳೆಯಲ್ಲಿ. ಮಾರ್ಚ್‌ನಲ್ಲಿ ಒಂದು ಸಂಜೆ ಚೆನ್ನಾಗಿ ಹೊಡೆಯಿತು. ಎಲ್ಲರೂ ಎಷ್ಟು ಇಂಚು, ನಿಮ್ಮಲ್ಲೆಷ್ಟು, ಬ್ಯಾಕಿಂಗ್ (ಹೂ ಆದ ಮೇಲೆ ಬೇಕಾಗುವ ಎರಡನೇ ಮಳೆ) ಬರುತ್ತಾ ಅಂತ ಫೋನ್‌ನಲ್ಲಿ. ನಾನು ಟಿವಿ ಹಾಕಿದೆ. ಗುಂಯ್ ಇಲ್ಲ. ಮರುದಿನವೂ ಇಲ್ಲ. ಎಂಟನೇ ದಿನ, ತೋಟವೆಲ್ಲ ಬೆಳ್ಳಗಾಗಿ ಘಮಘಮ ಅನ್ನುತ್ತಿರುವಾಗ, ಮೆಲ್ಲಗೆ ವಾಪಸ್ ಬಂತು. ತೇವದಿಂದ ಹಾಳಾಗಿದ್ದರೆ ಮಳೆ ಬಂದಾಗ ಸರಿಹೋಗೋದು ಹೇಗೆ?

ಆವತ್ತು ಕೂತು ಒಂದೊಂದೇ ಬಿಚ್ಚಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಸಬ್‌ವೂಫರ್‌ನ ಸಿಗ್ನಲ್ ಕೇಬಲ್ ತೆಗೆದೆ, ಸದ್ದು ಹೋಯ್ತು, ಹಾಗಾದರೆ ಸಬ್‌ವೂಫರ್ ತಪ್ಪಲ್ಲ. ವಾಪಸ್ ಹಾಕಿ ಟಿವಿ ತೆಗೆದೆ, ಇದೆ. ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐ ತೆಗೆದೆ, ಇಲ್ಲ. ಅದನ್ನೂ ವಾಪಸ್ ಹಾಕಿ, ಬಾಕ್ಸ್ ಹಿಂದೆ ತಿರುಪಿನಲ್ಲಿ ಕೂತಿರುವ ಡಿಶ್ ಕೇಬಲ್ ಬಿಚ್ಚಿದೆ. ಬಿಚ್ಚುವಾಗ ಬೆರಳಿಗೆ ಜುಮ್ ಅಂತು. ಬರಿಗಾಲು, ಕಾವಿ ನೆಲ. ಗುಂಯ್ ನಿಂತಿತು. ಎಷ್ಟು ನಿಶ್ಶಬ್ದ ಅಂದರೆ ಅಡುಗೆಮನೆಯ ಫ್ರಿಜ್ ಕೇಳಿಸಿತು.

ನಮ್ಮೂರಲ್ಲಿ ವೈರಿಂಗ್ ಮಾಡುವವರೊಬ್ಬರು ಮೀಟರ್ ತಂದು ಡಿಶ್ ಕೇಬಲ್‌ನ ಹೊರಗಿನ ಲೋಹಕ್ಕೂ ಪ್ಲಗ್‌ನ ಅರ್ಥ್ ಪಿನ್‌ಗೂ ನಡುವೆ ಇಟ್ಟರು. 11 ವೋಲ್ಟ್. ಎರಡೂ ನೆಲಕ್ಕೇ ಹೋಗಿದ್ದರೆ ಇಷ್ಟು ಬರಲೇಬಾರದು. ಹೊರಗೆ ಹೋಗಿ ನೋಡಿ ನಕ್ಕರು. ಹೆಂಚು ಒಡೆಯುತ್ತೆ ಅಂತ ನಾವು ಡಿಶ್ಶನ್ನು ಮೇಲೆ ಕೂರಿಸದೆ ಅಂಗಳದಲ್ಲಿ ಒಂದು ಕಬ್ಬಿಣದ ಪೈಪ್ ಹೂತು ಅದಕ್ಕೆ ಕಟ್ಟಿಸಿದ್ದೆವು. ಅದೂ ಎಲ್ಲಿ? ಬಚ್ಚಲು ನೀರು ಹೋಗುವ ಬಾಳೆ ಬುಡದಲ್ಲಿ. ವರ್ಷವಿಡೀ ಕೆಸರು. ಮನೆಯ ನಿಜವಾದ ಅರ್ಥಿಂಗ್ ಗುಂಡಿ ಸೌದೆ ಕೊಟ್ಟಿಗೆ ಪಕ್ಕ, ಅಜ್ಜನ ಕಾಲದ್ದು. ಹೆಂಚಿನ ನೀರು ಬಿದ್ದರೆ ಉಂಟು, ಇಲ್ಲದಿದ್ದರೆ ಒಣ. ಬೇಸಿಗೆಯಲ್ಲಿ ಗುಂಡಿ ಒಣಗಿದ ಮೇಲೆ ಮೋಟರು, ಫ್ರಿಜ್ಜು, ಗೀಸರ್‌ಗಳಿಂದ ಸೋರುವ ಕರೆಂಟಿಗೆ ಅಲ್ಲಿ ದಾರಿ ಇಲ್ಲ. ಅದು ಸಬ್‌ವೂಫರ್‌ನ ಮೂರನೇ ಪಿನ್ ಹಿಡಿದು, ರಿಸೀವರ್ ದಾಟಿ, ಸೆಟ್‌ಟಾಪ್ ಬಾಕ್ಸ್ ದಾಟಿ, ಡಿಶ್ ಕೇಬಲ್ ಮೇಲೆ ಸವಾರಿ ಮಾಡಿ, ಬಾಳೆ ಬುಡಕ್ಕೆ ಇಳಿಯುತ್ತಿತ್ತು. ಹೋಗುವಾಗ 50 ಹರ್ಟ್ಸ್‌ನ ಗುಂಯ್ ಬಿಟ್ಟು ಹೋಗುತ್ತಿತ್ತು. ಗ್ರೌಂಡ್ ಲೂಪ್ ಅಂತಾರೆ ಇದಕ್ಕೆ.

ಅವರು ಎರಡು ಕೊಡ ನೀರು ತಂದು ಗುಂಡಿಗೆ ಸುರಿದರು. ನಾನು ಒಳಗೆ ಸಬ್‌ವೂಫರ್ ಮುಂದೆ ಕೂತಿದ್ದೆ. ಐದು ನಿಮಿಷದಲ್ಲಿ ಸದ್ದು ಅರ್ಧಕ್ಕೆ ಇಳಿಯೋದು ಕಿವಿಯಾರೆ ಕೇಳಿದೆ. ನಂಬೋಕಾಗಲಿಲ್ಲ, ಅಮ್ಮನನ್ನೂ ಕರೆದು ಕೂರಿಸಿದೆ.

ಆಮೇಲೆ ಹೊಸ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ಡಿಶ್ ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಅದರ ಹೊರಲೋಹವನ್ನೂ ದಪ್ಪ ತಾಮ್ರದ ವೈರಿನಲ್ಲಿ ಅದೇ ಅರ್ಥ್‌ಗೆ ಕಟ್ಟಿದರು. ಟಿವಿ, ರಿಸೀವರ್, ಸಬ್‌ವೂಫರ್ ಎಲ್ಲಕ್ಕೂ ಒಂದೇ ಬೋರ್ಡ್. ಒಂದು ಮಾತು ಜೋರಾಗಿ ಹೇಳಬೇಕು. ಅರ್ಥ್ ಪಿನ್ ಮುರಿದು ಹಾಕಿ, ಗುಂಯ್ ಹೋಗುತ್ತೆ ಅಂತ ನನಗೆ ಇಬ್ಬರು ಹೇಳಿದ್ದರು. ಹೋಗುತ್ತೆ, ಹೌದು. ಜೊತೆಗೆ ಮನೆಯವರು ಯಾರಾದರೂ ಹೋಗಬಹುದು. ದಯವಿಟ್ಟು ಮಾಡಬೇಡಿ. ಈ ಸದ್ದು ಬರದೇ ಇದ್ದಿದ್ದರೆ ಅರ್ಥ್ ಸತ್ತು ಕೂತ ಮನೆಯಲ್ಲಿ ನಾವು ಗೀಸರ್ ಹಾಕಿಕೊಂಡು ಸ್ನಾನ ಮಾಡುತ್ತಲೇ ಇರುತ್ತಿದ್ದೆವು ಅಂತ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತೆ. ರಿಸೀವರ್‌ಗೆ ಬೈದ ಬೈಗುಳ ಎಲ್ಲ ಆ ಹೊತ್ತಿಗೆ ವಾಪಸ್ ತಗೊಂಡೆ.

ತಗೊಂಡೆ ಅಂದ್ನಲ್ಲ, ಎಲ್ಲ ಅಲ್ಲ. ಒಂದು ಬಾಕಿ ಇದೆ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿ ಬಂತು ಅಂದರೆ ಟಿವಿಯೂ ರಿಸೀವರೂ ಒಂದನ್ನೊಂದು ಗುರುತು ಹಿಡಿಯಲ್ಲ. ಚಿತ್ರ ಇದೆ, ಸದ್ದಿಲ್ಲ. ಇದಕ್ಕೆ ನಾನು ಕಂಡುಕೊಂಡ ಕ್ರಮ ಹೀಗೆ: ಎರಡರ ಪ್ಲಗ್ಗೂ ತೆಗೆಯೋದು, ಒಂದು ಲೋಟ ಬೆಲ್ಲದ ಕಾಫಿ ಕುಡಿಯೋದು, ಟಿವಿ ಮೊದಲು ಹಾಕೋದು, ಅದು ಪೂರ್ತಿ ಎದ್ದ ಮೇಲೆ ರಿಸೀವರ್. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತೆ. ಜುಲೈನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕು ಲೋಟ ಕಾಫಿ. ಬೇಸರವಾದಾಗ ಸುಮ್ನೆ ಆಪ್ಟಿಕಲ್ ಕೇಬಲ್‌ಗೆ ಹೋಗುತ್ತೇನೆ, ಅದಕ್ಕೆ ಈ ಗುರುತು ಪರಿಚಯದ ರಗಳೆ ಇಲ್ಲ, ಅದು ಬರಿ ಬೆಳಕು, ಅದರಲ್ಲಿ ಗ್ರೌಂಡ್ ಲೂಪೂ ಆಗಲ್ಲ. ಟಿವಿ ರಿಮೋಟಲ್ಲೇ ವಾಲ್ಯೂಮ್ ಮಾಡೋಕಾಗಲ್ಲ ಅನ್ನೋದೊಂದೇ ಕೊರತೆ.

ಇಷ್ಟೆಲ್ಲ ಖರ್ಚು ಮಾಡಿ ಈಗ ನಾವು ಅತಿ ಜಾಸ್ತಿ ಕೇಳೋದು ಏನು ಅಂದರೆ, ರೇಡಿಯೊ. ರಿಸೀವರ್‌ನಲ್ಲಿ ಎಫ್‌ಎಂ ಇದೆ ಅನ್ನೋದನ್ನೇ ನಾನು ತಗೊಳ್ಳುವಾಗ ನೋಡಿರಲಿಲ್ಲ. ಜೊತೆಗೆ ಕೊಟ್ಟ ವೈರ್ ಆಂಟೆನಾದಲ್ಲಿ ಬರಿ ಸುಯ್ ಸದ್ದು ಬಂತು. ನಮಗೂ ಮಡಿಕೇರಿಗೂ ನಡುವೆ ಗುಡ್ಡ, ಎಫ್‌ಎಂ ಅಲೆ ನೇರ ದಾರಿಯಲ್ಲಿ ಹೋಗುವಂಥದ್ದು. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್. ಆಂಟೆನಾ ಆ ಅಲೆಯ ಅರ್ಧ ಉದ್ದ ಇರಬೇಕು, ಲೆಕ್ಕ ಹಾಕಿದರೆ ಸುಮಾರು 1.4 ಮೀಟರ್. ಎರಡು ತುಂಡು ವೈರು, ಒಂದೊಂದು 70 ಸೆಂಟಿಮೀಟರ್, ಒಂದು ಬಿದಿರ ಗಳುವಿಗೆ ಕಟ್ಟಿ ಅಟ್ಟದ ಮೇಲೆ ಇಟ್ಟೆ. ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ಬಂದಾಗ ಪರದೆ ಸರಿದ ಹಾಗೆ ಸ್ಪಷ್ಟವಾಯ್ತು. ಕೆಳಗಿಂದ ಅಮ್ಮ ಕೂಗಿದರು, ಅಲ್ಲೇ ಬಿಡು, ಮುಟ್ಟಬೇಡ. ಅದು ಇವತ್ತಿಗೂ ಅಲ್ಲೇ ಇದೆ. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುವ ಹೊತ್ತಿಗೆ ಅಮ್ಮನೇ ಬಂದು ಗುಂಡಿ ಒತ್ತುತ್ತಾರೆ. ಒಂದೇ ಗುಂಡಿ, ಅದಕ್ಕೆ ಕುಂಕುಮದಷ್ಟು ಕೆಂಪು ನೇಲ್‌ಪಾಲಿಶ್ ಹಚ್ಚಿ ಕೊಟ್ಟಿದ್ದೇನೆ. ಮಾತು, ಹಾಡು, ಕೆಲವು ಹೊತ್ತು ಕೊಡವ ಭಾಷೆ, ಅರೆಭಾಷೆ. 40 ಸಾವಿರದ ರೇಡಿಯೊ ಅಂತ ನೆಂಟರು ನಗುತ್ತಾರೆ, ನಗಲಿ.

ತಗೋಬಹುದಾ ಅಂತ ಕೇಳಿದರೆ: ಕರೆಂಟ್ ಸರಿ ಇರುವ ಪೇಟೆ ಮನೆಯಾದರೆ ತಗೊಳ್ಳಿ, ಕಣ್ಣು ಮುಚ್ಚಿಕೊಂಡು. ತೋಟದ ಮನೆಯಾದರೆ ಮೊದಲು ಅರ್ಥಿಂಗ್ ನೋಡಿಸಿ, ಅದಕ್ಕೆ ಬೇಕಾಗುವ ಸ್ವಲ್ಪ ದುಡ್ಡನ್ನು ರಿಸೀವರ್ ಬಜೆಟ್‌ನಲ್ಲೇ ಸೇರಿಸಿ. ಗುಡುಗಿನ ಹೊತ್ತಲ್ಲಿ ಪ್ಲಗ್ಗೂ ಡಿಶ್ ಕೇಬಲ್ಲೂ ತೆಗೆದಿಡಿ, ಏಪ್ರಿಲ್‌ನಲ್ಲಿ ಮರೆತವರ ಮನೆಯ ಸೆಟ್‌ಟಾಪ್ ಬಾಕ್ಸ್ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಗುಂಯ್ ಬಂದಿಲ್ಲ. ವಾರಕ್ಕೊಮ್ಮೆ ಗುಂಡಿಗೆ ಒಂದು ಕೊಡ ನೀರು, ಆ ಕೆಲಸ ಮಗನದು. ಇನ್ನು ನಮ್ಮ ಬೆನ್ನ ಹಿಂದೆ ಇಡಬೇಕಾದ ಎರಡು ಸ್ಪೀಕರ್ ಇವತ್ತಿಗೂ ಡಬ್ಬದಲ್ಲೇ ಇವೆ. ಅಟ್ಟದ ಮೇಲೆ ವೈರ್ ಎಳೆಯಬೇಕು, ಅಲ್ಲಿ ಇಲಿ ಕಾಟ, ಪೈಪಿನೊಳಗೆ ಹಾಕಿ ಎಳೆಯಬೇಕು. ಕೊಯ್ಲು ಮುಗಿಯಲಿ ಅಂದುಕೊಂಡೆ, ಮುಗಿದ ಮೇಲೆ ಕಪಾತ್, ಗಿಡ ಸವರುವ ಕೆಲಸ, ಬಂತು. ಪುತ್ತರಿ ಹಬ್ಬ ಆಗಲಿ, ನೋಡೋಣ.