ಗಣಿತದ ಸಾಧನೆ (ಪ್ರೂಫ್) ಬರೆಯೋಕೆ ಪೆನ್ನಾ, ಲೇಟೆಕ್ಕಾ?

ಎಂ.ಎಸ್ಸಿ ಗಣಿತಕ್ಕೆ ಸೇರಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಅಸೈನ್‌ಮೆಂಟನ್ನು ಕೈಯಲ್ಲಿ ಬರೆಯುವುದಾ, ಗಣಿತದ ಬರಹವನ್ನು ಅಚ್ಚಿನಂತೆ ಜೋಡಿಸುವ ಲೇಟೆಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವುದಾ?

ಲೇಟೆಕ್‌ನ ಬೇರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಟೆಕ್ ಎಂಬ ಸಾಫ್ಟ್‌ವೇರ್. ತಮ್ಮ ಪುಸ್ತಕದ ಅಚ್ಚು ಹಿಡಿಸದೆ 1977ರಲ್ಲಿ ಅವರು ಆ ಕೆಲಸ ಶುರು ಮಾಡಿದರು. ಲೇಟೆಕ್‌ನಲ್ಲಿ ಸೂತ್ರಗಳು ಅಂದವಾಗಿ ಬರುತ್ತವೆ, ಸಮೀಕರಣದ ನಂಬರು ತಾನಾಗಿಯೇ ಬೀಳುತ್ತದೆ, ದುಡ್ಡೂ ಕೊಡಬೇಕಿಲ್ಲ. ಆದರೆ ತಪ್ಪು ಸಾಧನೆಯೂ ಅಚ್ಚಾದ ಪುಸ್ತಕದ ಹಾಗೆ ಕಾಣುತ್ತದೆ. ಬರೆದವರೇ ಮೋಸ ಹೋಗುತ್ತಾರೆ.

ಪೆನ್ನಿನಲ್ಲಾದರೆ ಹೊಡೆದು ಹಾಕಲು ಸಂಕೋಚವಿಲ್ಲ. ಅದರ ರೋಗ ಬೇರೆ: ಅವಸರ. 2ರ ವರ್ಗಮೂಲ ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ, ಎಂದು ತೋರಿಸಬೇಕು ಅಂದುಕೊಳ್ಳಿ. 'ಪಿ ವರ್ಗ = 2 ಕ್ಯೂ ವರ್ಗ' ಎಂದು ಗೀಚಿ, ಬಾಣ ಹಾಕಿ, 'ಪಿ ಸಮಸಂಖ್ಯೆ' ಎಂದುಬಿಡುತ್ತೇವೆ. ಪಿ, ಕ್ಯೂ ಯಾರು? ಆ ವರ್ಗಮೂಲ ಪಿ/ಕ್ಯೂ ಎಂಬ ಭಿನ್ನರಾಶಿ ಎಂದು ಊಹಿಸಿದ್ದೇವೆ, ಅವು ಪೂರ್ಣಾಂಕಗಳು, 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ ಎಂದು ಮೊದಲೇ ಹೇಳಬೇಕು ಅಲ್ವಾ? ಕೊನೆಗೆ ಪಿ, ಕ್ಯೂ ಎರಡೂ ಸಮಸಂಖ್ಯೆ ಎಂದು ಬರುವ ವಿರೋಧ ನಿಂತಿರುವುದೇ ಆ ಮಾತಿನ ಮೇಲೆ. ಬಾಣದ ಬದಲು 'ಆದ್ದರಿಂದ', 'ಏಕೆಂದರೆ' ಎಂದು ಬರೆದು ನೋಡಿ. ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತದೆ.

ಮೊದಲ ಸೆಮಿಸ್ಟರ್‌ಗೆ ಪೆನ್ನೇ ಸಾಕು. ಪ್ರಾಜೆಕ್ಟ್ ವರದಿಗೆ ಲೇಟೆಕ್ ಕಲಿಯಿರಿ, ಆದರೆ ಕರಡು ಕಾಗದದ ಮೇಲೇ ಇರಲಿ. ಚಿತ್ರ ಜಾಸ್ತಿ ಇದ್ದರೆ ಸುಮ್ನೆ ಕೈಯಲ್ಲಿ ಬಿಡಿಸಿ ಸ್ಕ್ಯಾನ್ ಮಾಡಿ. ಲೇಟೆಕ್‌ನಲ್ಲಿ ಒಂದು ತ್ರಿಕೋನ ಬಿಡಿಸಲು ನಾನು ಇಡೀ ಸಂಜೆ ಕಳೆದಿದ್ದೇನೆ.